ಬಾಣಂತಿ ಕೋಣೆಯ ಕೆಂಡ

ಸೊಲ್ಲಾಪುರದ ಈ ಮನೆಯಲ್ಲಿ ಬೆಂಕಿ ಕಣ್ಣಿಗೆ ಬೀಳುವುದೇ ಕಡಿಮೆ. ಗುಂಡಿ ಒತ್ತಿದರೆ ನೀರು ಕಾಯುತ್ತದೆ, ಗ್ಯಾಸಿನ ಕಿವಿ ತಿರುಗಿಸಿದರೆ ನೀಲಿ ಉರಿ ಬರುತ್ತದೆ. ಅದನ್ನು ಬೆಂಕಿ ಎಂದು ಕರೆಯಲು ನನಗೆ ಇನ್ನೂ ಮನಸ್ಸು ಒಪ್ಪಿಲ್ಲ. ಮೊನ್ನೆ ಮೊಮ್ಮಗಳು ಫೋನು ಹಿಡಿದುಕೊಂಡು ಬಂದು, "ಆಜಿ, ಥಂಡೀಚಿ ಲಾಟ ಯೇಣಾರ," ಎಂದಳು. ಅವಳು ಕನ್ನಡ ಮಾತಾಡುತ್ತಾಳೆ, ಆದರೆ ಓದಿದ್ದೆಲ್ಲ ಬಾಯಿಂದ ಮರಾಠಿಯಲ್ಲೇ ಬರುತ್ತದೆ. ಥಂಡಿಯ ಅಲೆ ಬರುತ್ತದಂತೆ, ಜೋರು ಗಾಳಿಯಂತೆ, ಒಣಹುಲ್ಲಿಗೆ ಬೆಂಕಿ ತಗಲುವ ಭಯವಂತೆ, ಹೊಲದಲ್ಲಿ ಯಾರೂ ಕಸ ಸುಡಬಾರದಂತೆ. ಅಷ್ಟು ಓದಿ ಹೇಳಿ ಅವಳು ಆಡಲು ಹೋದಳು. ನಾನು ಎದ್ದುಹೋಗಿ ಅಡುಗೆಮನೆಯಲ್ಲಿ ಸುಮ್ಮನೆ ನಿಂತೆ. ಥಂಡಿ, ಗಾಳಿ, ಬೆಂಕಿ ಮೂರೂ ಕೂಡಿ ಬಂದ ಒಂದು ಚಳಿಗಾಲವನ್ನು ನಾನು ಕಂಡಿದ್ದೇನೆ. ನಮ್ಮ ಮನೆ ಆ ಚಳಿಗಾಲದಿಂದ ಪೂರ್ತಿ ಹೊರಗೆ ಬರಲೇ ಇಲ್ಲ.

ನಮ್ಮ ಊರು ಅಕ್ಕಲಕೋಟ ತಾಲೂಕಿನದು, ಕರಜಗಿಯ ಹತ್ತಿರ. ಆ ಕಡೆಯ ಮನೆಗಳೆಂದರೆ ಮೊದಲು ದನಗಳವು, ಆಮೇಲೆ ಮನುಷ್ಯರವು. ದೊಡ್ಡ ಬಾಗಿಲು ದಾಟಿ ಒಳಗೆ ಬಂದರೆ ಎಡಕ್ಕೂ ಬಲಕ್ಕೂ ಎತ್ತು, ಎಮ್ಮೆ. ಮೆಟ್ಟಿಲು ಹತ್ತಿದರೆ ಪಡಸಾಲೆ. ಅಲ್ಲಿ ಕಂಬಕ್ಕೆ ಆತು ಕೂತ ನನ್ನ ಅಜ್ಜ, ಊರಿನ ಪಾಟೀಲ. ಅಜ್ಜನನ್ನು ನಾವು ಮುತ್ಯಾ ಎನ್ನುತ್ತಿದ್ದೆವು, ಅಜ್ಜಿಯನ್ನು ಆಯಿ. ಪಡಸಾಲೆಯ ಹಿಂದೆ ದೇವರ ಕೋಣೆ, ಅಡುಗೆಮನೆ, ಎಲ್ಲಕ್ಕೂ ಕೊನೆಗೆ ಕಿಟಕಿಯೇ ಇಲ್ಲದ ಒಂದು ಕತ್ತಲ ಕೋಣೆ. ಮೇಲೆ ಅಂಗೈ ಅಗಲದ ಬೆಳಕಿಂಡಿ ಒಂದೇ. ಬೇರೆ ದಿನಗಳಲ್ಲಿ ಅಲ್ಲಿ ಜೋಳದ ಚೀಲಗಳಿರುತ್ತಿದ್ದವು. ಮನೆಮಗಳು ಹೆರಿಗೆಗೆ ಬಂದಳೆಂದರೆ ಚೀಲಗಳೆಲ್ಲ ಪಡಸಾಲೆಗೆ ಬಂದು, ನೆಲ ಸಗಣಿ ಕಂಡು, ಅದು ಬಾಣಂತಿ ಕೋಣೆಯಾಗುತ್ತಿತ್ತು. ಮೂರನೆಯವಳಾದ ನಾನೂ ಅಲ್ಲೇ ಹುಟ್ಟಿದವಳು. ಅಷ್ಟು ಹೊತ್ತಿಗೆ ಅವ್ವನ ತವರಿಗೆ ಬಾಣಂತನ ಮಾಡಿ ಮಾಡಿ ಸಾಕಾಗಿತ್ತಂತೆ. ಆ ಕೋಣೆಯ ಗೋಡೆ ಮೇಲಿನಿಂದ ಕೆಳಗಿನವರೆಗೆ ಮಸಿ ಹಿಡಿದಿತ್ತು. ಆಯಿ ಬೆರಳು ಮಾಡಿ ತೋರಿಸುತ್ತಿದ್ದಳು:

"ಅಗಾ, ಆ ಮೂಲ್ಯಾಗ ಕರ್ರಗ ಕಾಣತೈತಲ್ಲ, ಅದು ನಿನ್ನ ಹೊಗಿ. ಅದರ ಬಾಜೂಕ ಇರೋದು ನಿಮ್ಮಪ್ಪಂದು."

ಕೂಸು ಭೂಮಿಗೆ ಬಿದ್ದ ಗಳಿಗೆಯಲ್ಲಿ ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡ ತುಂಬಿದ ಕಬ್ಬಿಣದ ಶೇಗಡಿ ಇಡುತ್ತಿದ್ದರು. ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ತನಕ ಆ ಕೆಂಡ ಆರಬಾರದು. ಅಜವಾನ, ಬೆಳ್ಳುಳ್ಳಿಯ ಸಿಪ್ಪೆ, ಚೂರು ಲೋಬಾನ ಹಾಕಿದರೆ ಏಳುವ ಹೊಗೆಯ ವಾಸನೆ ಬೀದಿಯ ತನಕ ಬಂದು, ಈ ಮನೆಯಲ್ಲಿ ಹೊಸ ಜೀವ ಬಂದಿದೆ ಎಂದು ಸಾರುತ್ತಿತ್ತು. ಇದು ಆಯಿಯ ಬೆಂಕಿ. ಮನೆಯಲ್ಲಿ ಮುತ್ಯಾನ ಮಾತು ನಡೆಯದ ಜಾಗವೇನಾದರೂ ಇದ್ದರೆ ಅದೊಂದೇ ಕೋಣೆ.

ಮುತ್ಯಾನಿಗೂ ಬೆಂಕಿಗೂ ಬೇರೆ ಲೆಕ್ಕವಿತ್ತು. ನಾನು ಹುಟ್ಟುವ ಮುಂಚೆ ಒಂದು ಚಳಿಗಾಲದಲ್ಲಿ ಯಾರೋ ಒಲೆಯ ಬೂದಿಯನ್ನು ಕೆಂಡ ಆರುವ ಮುಂಚೆ ತಿಪ್ಪೆಗೆ ಸುರಿದಿದ್ದರಂತೆ. ಮೂಡಣ ಗಾಳಿ ಒಂದು ಕಿಡಿಯನ್ನು ಎತ್ತಿಕೊಂಡು ಹೋಗಿ ಹುಲ್ಲಿನ ಮನೆಗಳಿದ್ದ ಛಪ್ಪರದ ಓಣಿಗೆ ಹಾಕಿತು. ಜೋಳದ ಕಣಿಕೆಯ ಬಣವೆಗಳು, ಗುಡಿಸಲುಗಳು, ಕಟ್ಟಿದ ಜಾಗದಲ್ಲೇ ದನಗಳು, ಎಲ್ಲ ಹೋದವು. ಮುತ್ಯಾ ಹಗ್ಗ ಕೊಯ್ಯಲು ಒಳಗೆ ನುಗ್ಗಿದ್ದ. ಅವನ ಎಡಗೈಯ ಚರ್ಮ ಮೊಣಕೈ ತನಕ ಸುಟ್ಟು ಮಡಿಚಿಕೊಂಡಿತ್ತು. "ಕಟ್ಟಿದ ದನ ಒದರೋದು ಕೇಳಿ ಬಂದವಗ ಬೆಂಕಿ ಬಗ್ಗೆ ಮತ್ತೇನೂ ಹೇಳಬ್ಯಾಡ್ರಿ," ಎನ್ನುತ್ತಿದ್ದ. ಅಂದಿನಿಂದ ಊರಿಗೆ ಒಂದು ಕಟ್ಟಳೆ. ಚಳಿಗಾಲದಲ್ಲಿ ಮೂಡಣ ಗಾಳಿ ಎದ್ದರೆ ಹಲಗೆ ಬಡಿದು ದವಂಡಿ ಹೊರಡುತ್ತಿತ್ತು: ಗಾಳಿ ಇಳಿಯುವ ನಸುಕಿನಲ್ಲಿ ಅಡುಗೆ ಮುಗಿಸಿಕೊಳ್ಳಬೇಕು, ಆಮೇಲೆ ಒಲೆಗೆ ನೀರು. ಕೆಂಡ ಉಳಿಸುವಂತಿಲ್ಲ, ಬೀಡಿ ಸೇದುವಂತಿಲ್ಲ. ಮೊದಲು ಆರುತ್ತಿದ್ದದ್ದು ನಮ್ಮ ಮನೆಯ ಒಲೆ. ಅವ್ವ ಒಮ್ಮೆ ಚಹಾಕ್ಕೆಂದು ಕದ್ದು ಒಲೆ ಹೊತ್ತಿಸಿ ಸಿಕ್ಕಿಬಿದ್ದಾಗ ಮುತ್ಯಾ ಬೈಯಲಿಲ್ಲ. ಪಡಸಾಲೆಯಲ್ಲಿ ಕೂತು ಗಾಳಿಗೆ ಹೇಳಿದಂತೆ ಹೇಳಿದ: "ಹೇಳೋದು ಆಚಾರ, ತಿನ್ನೋದು ಬದನಿಕಾಯಿ." ಅವ್ವ ಆ ಚಹಾವನ್ನು ಎಮ್ಮೆಯ ಕಲಗಚ್ಚಿಗೆ ಸುರಿದಳು.

ಮಕ್ಕಳಾದ ನಮಗೆ ಗಾಳಿಯ ದಿನಗಳೆಂದರೆ ಹಬ್ಬ. ಸುಟ್ಟು ಒಣಗಿಸಿ ಬುಟ್ಟಿಯಲ್ಲಿ ಪೇರಿಸಿಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಡಿಗೆಯ ಮೊಸರು, ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ. ಕೌದಿ ಹೊದ್ದು ಗುಂಪಾಗಿ ಕೂತು ಕಟುಂ ಕಟುಂ ತಿನ್ನುವುದು. ಗಾಳಿ ಒಂದೆರಡು ದಿನ ಅರಚಿ ಸುಮ್ಮನಾಗುತ್ತಿತ್ತು. ಯಾರಿಗೂ ಏನೂ ಆಗುತ್ತಿರಲಿಲ್ಲ.

ಆ ವರ್ಷ ನಂದಾತ್ತಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅಪ್ಪನ ತಂಗಿ, ಮುತ್ಯಾನ ಒಬ್ಬಳೇ ಮಗಳು. ಹೋಟಗಿಗೆ ಕೊಟ್ಟಿದ್ದರು, ಮಾವ ರೈಲ್ವೆಯಲ್ಲಿದ್ದ. ಅತ್ತಿ ಬಂದಳೆಂದರೆ ಮನೆಗೆ ಸದ್ದು ಬರುತ್ತಿತ್ತು. ಯಾವ ಗಾಡಿ ಹೇಗೆ ಸಿಳ್ಳೆ ಹಾಕುತ್ತದೆ ಎಂದು ಬಾಯಿಂದಲೇ ಮಾಡಿ ತೋರಿಸುತ್ತಿದ್ದಳು, ಆ ಹೊಟ್ಟೆ ಹೊತ್ತುಕೊಂಡೂ. ಮುತ್ಯಾನ ಎದುರಿಗೆ ದನಿ ಎತ್ತಿ ನಗುವ ಧೈರ್ಯ ಮನೆಯಲ್ಲಿ ಅವಳಿಗೊಬ್ಬಳಿಗೇ. ಅವನೂ ಅವಳು ಬಂದಾಗ ಮೀಸೆಯಲ್ಲಿ ನಗುತ್ತಿದ್ದ. ಸಂಜೆಗೆ ನನ್ನನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತ ಅವಳು ಹೇಳುತ್ತಿದ್ದಳು, "ಹೆಣ್ಣಾದ್ರ ನಿನ್ನಂಗ ಜಗಳಗಂಟಿ ಆಗಲಿ ನೋಡು." ನನಗೆ ಅದು ಬಹುಮಾನ ಕೊಟ್ಟಂತೆ ಅನಿಸುತ್ತಿತ್ತು.

ದಿನ ತುಂಬುವ ಮುಂಚೆಯೇ ಕೂಸು ಬಂತು. ಹೆಣ್ಣು. ನನಗೆ ತೋರಿಸುವಾಗ ಆಯಿ ಅರಿವೆಯ ಒಂದು ಮಡಿಕೆ ಮಾತ್ರ ಸರಿಸಿದಳು. ಮುಖ ನನ್ನ ಮುಷ್ಟಿಗಿಂತ ದೊಡ್ಡದಿರಲಿಲ್ಲ. ಅಳಲು ಬಾಯಿ ತೆರೆಯುತ್ತಿತ್ತು, ಸದ್ದು ಮಾತ್ರ ಬೆಕ್ಕಿನ ಮರಿಯದು. ಶೇಗಡಿ ಹೊರಸಿನ ಕೆಳಗೆ ಹೋಯಿತು, ಅಜವಾನದ ವಾಸನೆ ಎದ್ದಿತು. ಆಯಿ ಹೇಳಿದಳು:

"ಇದಕ್ಕ ಹಾಲಿಗಿಂತ ಮೊದಲ ಬಿಸಿ ಬೇಕು. ಒಳಗ ಇನ್ನಾ ಇರಬೇಕಾಗಿತ್ತು ಇದು. ಆ ಬಿಸಿ ನಾವು ಹೊರಗ ಕೊಡಬೇಕು."

ಅದರ ಬೆನ್ನಿಗೇ ಥಂಡಿ ಬಿತ್ತು. ನಮ್ಮ ಸೀಮೆಗೆ ಬಿಸಿಲು ಗೊತ್ತು, ಬರ ಗೊತ್ತು. ಅಂಥ ಥಂಡಿ ಮುದುಕರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಜೋಳದ ಗರಿಗಳ ಮೇಲೆ ಬಿಳಿಯ ಪುಡಿ ಕೂತಿತ್ತು. ದನಗಳ ಕಲ್ಲಿನ ಡೋಣಿಯಲ್ಲಿ ನೀರು ಕೆನೆ ಕಟ್ಟಿದಂತೆ ಗಟ್ಟಿಯಾಗಿದ್ದನ್ನು ನಾನು ಬೆರಳಿನಿಂದ ಒತ್ತಿ ಒಡೆದೆ. ಅವ್ವ ಕಡೆಯ ತನಕ ಅದನ್ನು ನಂಬಲಿಲ್ಲ, "ಹುಚ್ಚಿ, ನೀರಾಗ ಹೊಟ್ಟು ಬಿದ್ದಿತ್ತು," ಎನ್ನುತ್ತಿದ್ದಳು. ಇರಬಹುದು. ಬೆರಳಿಗೆ ಹತ್ತಿದ ಚಳಿ ಮಾತ್ರ ಹೊಟ್ಟಿನದಲ್ಲ. ಜೊತೆಗೆ ಗಾಳಿ. ಈ ಸಲ ಅದು ನಸುಕಿನಲ್ಲೂ ಸರಿಯಾಗಿ ಇಳಿಯಲಿಲ್ಲ. ಊರಾಚೆ ದನ ಮೇಯುವ ಗೈರಾಣದ ಹುಲ್ಲು ಒಣಗಿ ಎಲ್ಲ ಒಂದೇ ಕಡೆಗೆ ಮಲಗಿತ್ತು. ಹಲಗೆ ಬಡಿಯಿತು, ಊರಿನ ಒಲೆಗಳು ಆರಿದವು. ನಮ್ಮದೂ ಆರಿತು. ಬಾಣಂತಿ ಕೋಣೆಯ ಮಾತನ್ನು ಯಾರೂ ಎತ್ತಲಿಲ್ಲ. ಆಯಿ ಕೆಂಡದ ಮೇಲೆ ಬೂದಿ ಹೊದಿಸಿ, ಬೆಳಕಿಂಡಿಗೆ ಚಿಂದಿ ತುರುಕಿ, ಬಾಗಿಲು ಎಳೆದುಕೊಂಡಳು. ಮುತ್ಯಾ ಆ ಬಾಗಿಲ ಮುಂದೆ ಹಾದುಹೋಗುವಾಗ ಕೆಮ್ಮಿ, ಮುಖ ಬೇರೆ ಕಡೆಗೆ ತಿರುಗಿಸುತ್ತಿದ್ದ. ಅವನಿಗೆ ಗೊತ್ತಿತ್ತು. ಅದು ಅವನ ಪ್ರೀತಿ, ಅವನ ಕಳ್ಳತನ, ಎರಡೂ.

ಮರುದಿನ ಬೆಳಿಗ್ಗೆ ಛಪ್ಪರದ ಓಣಿಯ ಲಗಮವ್ವ ಮಜ್ಜಿಗೆಗೆ ಬಂದಳು. ದಿನವೂ ಬರುವವಳೇ. ಅವ್ವ ಮಜ್ಜಿಗೆ ಸುರಿಯುವಾಗ ಮೂಗು ಎತ್ತಿದಳು.

"ಅಜವಾನದ ವಾಸನಿ ಬರಾಕತ್ತೈತಿ. ಬಾಣಂತಿಗಿ ಕೆಂಡ ಇಟ್ಟೀರೇನ್ರಿ? ಇಡ್ರಿ, ಇಡ್ರಿ, ಹಸೀ ಮೈ. ನಮ್ಮ ಮಾವಾರು ಹಾಸಗಿ ಹಿಡದಾರ ನೋಡ್ರಿ, ಮುಂಜಾನಿಂದ ಹಲ್ಲ ಕಟಕಟ ಅನ್ನಾಕತ್ತಾವ. ನಮ್ಮ ಒಲ್ಯಾಗ ಬೂದಿನೂ ತಣ್ಣಗಾಗೈತಿ."

ಚುಚ್ಚಬೇಕೆಂದು ಅಂದ ಮಾತಲ್ಲ ಅದು. ಕಷ್ಟ ಹೇಳಿಕೊಂಡಳು, ಅಷ್ಟೆ. ಆದರೆ ಪಡಸಾಲೆಯ ಕಂಬಕ್ಕೆ ಕಿವಿಗಳಿದ್ದವು. ಮುತ್ಯಾ ಎದ್ದು ನಿಂತ.

"ಲಗಮವ್ವ, ನಿಲ್ಲು. ನೋಡಿಕೊಂಡು ಹೋಗು."

ಗಂಡಸರು ಬಾಣಂತಿ ಕೋಣೆಯ ಹೊಸ್ತಿಲು ದಾಟುವುದಿಲ್ಲ. ಅವನೂ ದಾಟಲಿಲ್ಲ. ಹೊರಗೆ ನಿಂತು, "ಹೊರಗ ತಾ," ಎಂದ. ಆಯಿ ಬರಲಿಲ್ಲ. ಇನ್ನೊಮ್ಮೆ ಅಂದ. ಅವಳು ಶೇಗಡಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು, ಸೆರಗಿನ ತುದಿಯಿಂದ ಅದರ ಹಿಡಿಕೆ ಹಿಡಿದು.

"ಇದು ಬೆಂಕಿ ಅಲ್ರಿ. ಕೂಸಿನ ಜೀವ ಐತಿ."

"ಊರ ಒಲಿ ನಾ ಹೇಳಿ ಆರಿಸೀನಿ. ನನ್ನ ಮನ್ಯಾಗ ಉಳದರ ನಾಳಿ ಎಲ್ಲಾರ ಮನ್ಯಾಗೂ ಒಂದೊಂದು ಬಾಣಂತಿ ಹುಟ್ಟತಾಳ. ಮತ್ತ ಕಟ್ಟಿದ ದನ ಒದರತಾವ."

"ಅಯ್ಯ, ನಾ ಅದಕ್ಕ ಅಂದಿಲ್ರಿ ಪಾಟೀಲ್ರ! ಆರಸಬ್ಯಾಡ್ರಿ!" ಲಗಮವ್ವ ಮಜ್ಜಿಗೆಯ ಚರಿಗೆ ಕೆಳಗಿಟ್ಟು ಕೈ ಮುಗಿದಳು. ಒಳಗಿನಿಂದ ನಂದಾತ್ತಿಯ ದನಿ ಬಂತು, ಮೆಲ್ಲಗೆ, ಚಿಕ್ಕ ಮಕ್ಕಳು ಕರೆಯುವಂತೆ: "ಅಪ್ಪಾ, ಇದು ನಡಗಾಕತ್ತೈತಿ."

ಮುತ್ಯಾ ಬಾಗಿಲ ಬಳಿ ಇದ್ದ ನೀರಿನ ಚರಿಗೆ ಎತ್ತಿ ಶೇಗಡಿಗೆ ಸುರಿದ. ಚೊಂಯ್ ಎಂದಿತು. ಬೂದಿ ಎದ್ದು ಆಯಿಯ ಮುಖದ ತುಂಬ ಕೂತಿತು, ಅವಳು ಒರೆಸಿಕೊಳ್ಳಲಿಲ್ಲ. ಲಗಮವ್ವ ಮಜ್ಜಿಗೆ ಬಿಟ್ಟೇ ಹೊರಟುಹೋದಳು. ಹಣೆಬರಹ, ದೇವರಿಚ್ಛೆ ಎಂದು ಯಾರಾದರೂ ನನ್ನ ಮುಂದೆ ಮಾತು ತೆಗೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಹಣೆಯ ಮೇಲೆ ಬರೆದದ್ದನ್ನು ನಾನು ಕಂಡಿಲ್ಲ. ಚರಿಗೆ ಎತ್ತಿದ ಕೈಯನ್ನು ಕಂಡಿದ್ದೇನೆ, ಆ ಕೈ ಮೊಣಕೈ ತನಕ ಸುಟ್ಟ ಕೈ ಎಂಬುದನ್ನೂ ಕಂಡಿದ್ದೇನೆ.

ಅಕ್ಕಲಕೋಟದ ದವಾಖಾನೆಗೆ ಒಯ್ಯುವ ಮಾತು ಬಂತು. ಆ ಗಾಳಿಯಲ್ಲಿ, ಕಿಟಕಿ ಮುಚ್ಚದ ಎಸ್‌ಟಿ ಬಸ್ಸಿನಲ್ಲಿ, ಅಂಥ ಕೂಸು ದಾರಿಯಲ್ಲೇ ಹೋಗುತ್ತದೆಂದು ಆಯಿ ಬಿಡಲಿಲ್ಲ. "ಬೆಂಕಿ ಇಲ್ಲಂದ್ರ ದನದ ಉಸಿರರ ಐತಿ," ಎಂದು ಅವಳು ಬಾಣಂತಿಯನ್ನೂ ಕೂಸನ್ನೂ ಎತ್ತಿಸಿಕೊಂಡು ದನಗಳ ಹತ್ತಿರ ಬಂದಳು. ಮೂಲೆಯಲ್ಲಿ ಹೊಟ್ಟು ಹರವಿ, ಮೇಲೆ ಕೌದಿ ಹಾಸಿ, ಎತ್ತುಗಳನ್ನು ಎರಡೂ ಕಡೆ ಒತ್ತಾಗಿ ಕಟ್ಟಿಸಿದಳು. ದೊಡ್ಡ ಬಾಗಿಲು ಮುಚ್ಚಿದರೆ ಅಲ್ಲಿ ನಿಜಕ್ಕೂ ಬೆಚ್ಚಗಿತ್ತು. ಎತ್ತುಗಳು ಮೆಲುಕು ಹಾಕುತ್ತ ಬಿಡುವ ಉಸಿರು, ಸಗಣಿಯ ಕಾವು. ಕೂಸನ್ನು ಅರಿವೆ ಬಿಚ್ಚಿ ಬರಿ ಮೈಗೆ ಬರಿ ಮೈ ಹಚ್ಚಿ ಹೆಂಗಸರು ಸರದಿಯಲ್ಲಿ ಎದೆಗೆ ಇಟ್ಟುಕೊಂಡರು: ಅತ್ತಿ, ಆಯಿ, ಅವ್ವ. "ಸಣ್ಣವರ ಮೈ ಬಿಸಿ ಇರತೈತಿ, ತಾ," ಎಂದು ನನ್ನ ಸರದಿಯನ್ನೂ ಹಚ್ಚಿದರು. ಅದರ ಎದೆ ನನ್ನ ಎದೆಯ ಮೇಲೆ ಪುಕಪುಕ ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರ ತುಟಿಗೆ ಕೆಂಪು ಬಂತು, ಹಾಲು ಚೀಪಿತು. ನಂದಾತ್ತಿ ನನ್ನ ಕಡೆ ನೋಡಿ ರೈಲಿನ ಸಿಳ್ಳೆ ಹಾಕಿದಳು, ಸದ್ದಿಲ್ಲದೆ, ತುಟಿಯಲ್ಲಷ್ಟೇ. ಉಳಿಯುತ್ತದೆ ಎಂದು ನಾವೆಲ್ಲ ನಂಬಿದ್ದು ಆಗ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೊರಗೆ ಕೂಗು ಎದ್ದಿತು. ಗೈರಾಣಕ್ಕೆ ಬೆಂಕಿ ಬಿದ್ದಿತ್ತು. ಯಾರದೋ ಬೀಡಿ ಅಂದರು, ಕುರಿಯವರ ಒಲೆ ಅಂದರು, ಕೊನೆಗೂ ಗೊತ್ತಾಗಲಿಲ್ಲ. ಗಾಳಿ ಅದನ್ನು ಊರಿನ ಕಡೆಗೇ ಅಟ್ಟಿಕೊಂಡು ಬರುತ್ತಿತ್ತು. ಹುಲ್ಲಿನ ಬೆಂಕಿಯನ್ನು ಬೇವಿನ ಟೊಂಗೆಗಳಿಂದ ಬಡಿದರೆ ಸಾಲದು. ಅದರ ಮುಂದೆ ನೆಲ ಉತ್ತು ಕರಿಮಣ್ಣು ಮೇಲೆ ತಂದರೆ ಮಾತ್ರ ನಿಲ್ಲುತ್ತದೆ. ಅದಕ್ಕೆ ಎತ್ತು ಬೇಕು. ಊರಿನಲ್ಲಿ ಆ ನೆಲಕ್ಕೆ ನೇಗಿಲು ಹಾಕಬಲ್ಲ ಎತ್ತುಗಳು ಇದ್ದದ್ದೇ ಕೆಲವು, ಅವುಗಳಲ್ಲಿ ಗಟ್ಟಿಯಾದವು ನಮ್ಮವು.

ಮುತ್ಯಾ ದೊಡ್ಡ ಬಾಗಿಲು ತೆರೆದು ಒಳಗೆ ಬಂದ. ಅವನ ಬೆನ್ನಿಗೆ ಗಾಳಿಯೂ ಬಂತು. ಹಗ್ಗಕ್ಕೆ ಕೈ ಹಾಕಲು ಬಂದವನು ಕೂಸನ್ನು ನೋಡಿ ನಿಂತ. ಅವನು ಅದನ್ನು ಮೊದಲ ಸಲ ನೋಡಿದ್ದು ಆಗಲೇ. ಹೊರಗೆ ಜನ ಒದರುತ್ತಿದ್ದರು, ಛಪ್ಪರದ ಓಣಿಯ ಹೆಂಗಸರು ಅಳುತ್ತಿದ್ದರು. ಕೊನೆಗೆ ನಂದಾತ್ತಿಯೇ ಮಾತಾಡಿದಳು.

"ಒಯ್ಯಪಾ."

ಅಷ್ಟೇ ಅಂದಳು. ಅವನು ಎತ್ತುಗಳನ್ನು ಬಿಚ್ಚಿಕೊಂಡು ಹೋದ. ಉಳಿದ ಎಮ್ಮೆ ಹೊಗೆಯ ವಾಸನೆಗೆ ಬೆದರಿ ಹಗ್ಗ ಜಗ್ಗತೊಡಗಿತು. ಅದರ ಕಾಲಿನ ಹತ್ತಿರ ಕೂರುವಂತಿರಲಿಲ್ಲ. ನಾವು ಮತ್ತೆ ಕತ್ತಲ ಕೋಣೆಗೆ ಬಂದೆವು. ಸಗಣಿ ಸಾರಿಸಿದ ನೆಲ ಕಲ್ಲಿನಂತೆ ತಣ್ಣಗಿತ್ತು. ಮನೆಯಲ್ಲಿದ್ದ ಕೌದಿಗಳನ್ನೆಲ್ಲ ತಂದು ಹೊದ್ದೆವು, ಒಬ್ಬರಿಗೊಬ್ಬರು ಅಂಟಿಕೊಂಡು ಕೂತೆವು. ಕೂಸು ನನ್ನಿಂದ ಅವ್ವನಿಗೆ, ಅವ್ವನಿಂದ ಆಯಿಗೆ ಹೋಯಿತು. ನಾವೆಲ್ಲ ನಡುಗುತ್ತಿದ್ದೆವು, ನಡುಗುವ ಮೈಯಿಂದ ಎಂಥ ಬಿಸಿ ಬರಬೇಕು? ಆಯಿಯ ಎದೆಯ ಮೇಲೆ ಅದು ನಡುಗುವುದನ್ನು ಬಿಟ್ಟಿತು. ನನಗೆ ಸಮಾಧಾನವಾಯಿತು, ಈಗ ಬೆಚ್ಚಗಾಗಿದೆ ಎಂದುಕೊಂಡೆ. ಆಯಿಯ ಮುಖ ನೋಡಿದ ಮೇಲೆ ತಿಳಿಯಿತು.

ಗಂಡಸರು ಕತ್ತಲಾಗುವ ಮುಂಚೆ ಬಂದರು, ಮುಖಕ್ಕೆಲ್ಲ ಮಸಿ, ಬಾಯಿ ತುಂಬ ನಗು. ಬೆಂಕಿ ಉತ್ತ ನೆಲದ ತನಕ ಬಂದು ಅಲ್ಲೇ ಸತ್ತಿತ್ತು. ಒಂದು ಬಣವೆಯೂ ಹೋಗಲಿಲ್ಲ, ಒಂದು ದನವೂ ಹೋಗಲಿಲ್ಲ. ಯಾರೋ ಮುತ್ಯಾನ ಕಾಲು ಮುಟ್ಟಿದರು. ಅವನು ಎತ್ತುಗಳನ್ನು ಅಂಗಳದಲ್ಲೇ ಬಿಟ್ಟು ನೇರ ಒಳಗೆ ಬಂದು, ಹೊಸ್ತಿಲ ಹೊರಗೆ ನಿಂತ. ನಂದಾತ್ತಿ ತಲೆ ಎತ್ತದೆ ಕೇಳಿದಳು:

"ಊರು ಉಳೀತೇನಪಾ?"

"ಉಳೀತವ್ವಾ."

ಕೂಸನ್ನು ಹೊಲದ ಬೇವಿನ ಗಿಡದ ಕೆಳಗೆ ಹೂತರು. ತೊಟ್ಟಿಲಿಗೆ ಹಾಕಿರಲಿಲ್ಲವಾದ್ದರಿಂದ ಅದಕ್ಕೆ ಹೆಸರೂ ಇರಲಿಲ್ಲ. ಲಗಮವ್ವ ಬಂದು ಆಯಿಯ ಹೆಗಲಿಗೆ ತಲೆ ಹಚ್ಚಿ ಅತ್ತಳು, ಆಮೇಲೆ ಎಷ್ಟೋ ದಿನ ನಮ್ಮ ಮನೆಗೆ ಮಜ್ಜಿಗೆಗೆ ಬರಲಿಲ್ಲ. ನಂದಾತ್ತಿ ಎದ್ದು ಓಡಾಡುವಂತಾದ ಕೂಡಲೇ ಹೋಟಗಿಗೆ ಹೋದಳು. ಮುಂದಿನ ಮಕ್ಕಳನ್ನು ಅಲ್ಲೇ ರೈಲ್ವೆಯವರು ಕೊಟ್ಟ ಮನೆಯಲ್ಲಿ ಹೆತ್ತಳು. ತವರಿದ್ದೂ ಮಗಳು ಬಾಣಂತನಕ್ಕೆ ಬರಲಿಲ್ಲವೆಂದರೆ ಆ ಮನೆಗೆ ಅದಕ್ಕಿಂತ ದೊಡ್ಡ ಮಾತಿಲ್ಲ. ಪಂಚಮಿಗೆ ಬರುತ್ತಿದ್ದಳು, ಜೋಕಾಲಿ ಆಡದೆ ಹೋಗುತ್ತಿದ್ದಳು. ಕತ್ತಲ ಕೋಣೆಗೆ ಜೋಳದ ಚೀಲಗಳು ಹೋದವು, ಮತ್ತೆ ಹೊರಗೆ ಬರಲಿಲ್ಲ.

ಆಯಿ ಮುತ್ಯಾನ ಜೊತೆ ಮಾತು ಬಿಡಲಿಲ್ಲ. ಉಣ್ಣಲು ಕರೆಯುತ್ತಿದ್ದಳು, ಔಷಧ ಕೊಡುತ್ತಿದ್ದಳು. ಆದರೆ ಅವನು ಇದ್ದ ಜಾಗದಲ್ಲಿ ಕೂರುವುದನ್ನು ಬಿಟ್ಟಳು, ನಿಂತೇ ಇರುತ್ತಿದ್ದಳು. ಮುತ್ಯಾನೂ ಒಂದನ್ನು ಬಿಟ್ಟ. ಆಮೇಲೆ ಎಂಥ ಚಳಿ ಬಿದ್ದರೂ ಅವನು ಬೆಂಕಿಗೆ ಕೈ ಒಡ್ಡಿದ್ದನ್ನು ನಾನು ಕಾಣಲಿಲ್ಲ. ಗಾಳಿ ಇಲ್ಲದ ದಿನಗಳಲ್ಲಿ ಅಂಗಳದಲ್ಲಿ ಕಟ್ಟಿಗೆ ಹಾಕಿ ಎಲ್ಲರೂ ಸುತ್ತ ಕೂತರೆ ಅವನೊಬ್ಬ ಪಡಸಾಲೆಯ ತಣ್ಣನೆಯ ಕಂಬಕ್ಕೆ ಆತುಕೊಂಡೇ ಇರುತ್ತಿದ್ದ. ಬಾ ಎಂದು ಕರೆಯಲು ನಮಗೆ ಧೈರ್ಯವಿರಲಿಲ್ಲ. ನಾನು ಸಣ್ಣವಳಿದ್ದಾಗ ಅವನನ್ನು ದ್ವೇಷಿಸಿದೆ. ನನಗೆ ಮಕ್ಕಳಾದ ಮೇಲೆ ಇನ್ನೂ ಹೆಚ್ಚು ದ್ವೇಷಿಸಿದೆ. ಈಗ ಅವನ ವಯಸ್ಸಿಗೆ ಬಂದಿದ್ದೇನೆ, ಈಗ ಬರೀ ದುಃಖವಾಗುತ್ತದೆ.

ಅವನ ಕೊನೆಯ ಚಳಿಗಾಲ ಬಂದಾಗ ನನ್ನ ಮದುವೆ ಇನ್ನೂ ಆಗಿರಲಿಲ್ಲ. ಮುತ್ಯಾನನ್ನು ಪಡಸಾಲೆಯಲ್ಲೇ ಹೊರಸಿನ ಮೇಲೆ ಮಲಗಿಸಿದ್ದರು. ಮೈ ತಣ್ಣಗಾಗುತ್ತ ಬಂದಿತ್ತು, ಎಷ್ಟು ಕೌದಿ ಹೊದಿಸಿದರೂ ನಡುಕ ನಿಲ್ಲುತ್ತಿರಲಿಲ್ಲ. ಕೆಂಡ ತರಲು ಹೋದರೆ ಕೈ ಅಲ್ಲಾಡಿಸಿ ಬೇಡ ಎನ್ನುತ್ತಿದ್ದ. ಹೋಟಗಿಗೆ ಹೇಳಿ ಕಳಿಸಿದೆವು. ನಂದಾತ್ತಿ ಸಂಜೆಯ ಬಸ್ಸಿಗೆ ಬಂದಳು, ತಲೆಯಲ್ಲಿ ಬೆಳ್ಳಿ ಎಳೆಗಳು ಕಾಣುತ್ತಿದ್ದವು. ಅಪ್ಪನ ಮುಖವನ್ನು ನೋಡಿದಳು. ಕಾಲು ತೊಳೆದುಕೊಂಡು ನೇರ ಕತ್ತಲ ಕೋಣೆಗೆ ಹೋಗಿ ಚೀಲಗಳ ಹಿಂದಿನಿಂದ ಆ ಶೇಗಡಿ ಹುಡುಕಿ ತಂದಳು. ತುಕ್ಕು ಹಿಡಿದಿತ್ತು. ಒಲೆಯ ಕೆಂಡವನ್ನು ಅದಕ್ಕೆ ತುಂಬಿ, ಮೇಲೆ ಚಿಟಿಕೆ ಅಜವಾನ ಹಾಕಿ, ತಂದು ಅವನ ಹೊರಸಿನ ಕೆಳಗೆ ಸರಿಸಿದಳು. ಆ ವಾಸನೆ ನಮ್ಮ ಮನೆಯಲ್ಲಿ ಎದ್ದು ಎಷ್ಟೋ ವರ್ಷಗಳಾಗಿದ್ದವು. ಮುತ್ಯಾ ಕಣ್ಣು ತೆರೆದ. ಹೊರಗೆ ಬಾಗಿಲು ಬಡಿದುಕೊಳ್ಳುತ್ತಿತ್ತು.

"ಗಾಳಿ ಐತಿ... ಆರಸ್ರಿ."

ಯಾರೂ ಅಲ್ಲಾಡಲಿಲ್ಲ. ಅವನಿಗೆ ಕುಡಿಸಲೆಂದು ನೀರಿನ ಚರಿಗೆ ಹಿಡಿದು ನಿಂತವಳು ನಾನು. ಅವನ ಕಣ್ಣು ನನ್ನ ಮೇಲೆ ಬಂತು. "ಗೌರಾ, ನೀರು ಹಾಕ." ಆ ಮನೆಯಲ್ಲಿ ಅವನ ಮಾತನ್ನು ಅವನೆದುರಿಗೇ ಮೀರಿದವರನ್ನು ನಾನು ಕಂಡಿರಲಿಲ್ಲ. ನನ್ನ ಕೈ ಚರಿಗೆಯನ್ನು ಇನ್ನೂ ಬಿಗಿಯಾಗಿ ಹಿಡಿಯಿತು, ಕಾಲು ಮುಂದಕ್ಕೆ ಹೋಗಲಿಲ್ಲ. "ಹಾಕಂಗಿಲ್ಲ ಮುತ್ಯಾ," ಎಂದೆ. ಜೀವನದಲ್ಲಿ ಆಮೇಲೆ ಎಷ್ಟೋ ಜನರಿಗೆ ಇಲ್ಲ ಎಂದಿದ್ದೇನೆ. ಅದನ್ನು ನಾನು ಕಲಿತದ್ದು ಅಲ್ಲಿ.

ನಂದಾತ್ತಿ ಎದ್ದು ದೊಡ್ಡ ಬಾಗಿಲಿಗೆ ಅಗಳಿ ಹಾಕಿ ಬಂದು, ಗಾಳಿಗೆ ಬೆನ್ನು ಕೊಟ್ಟು ಶೇಗಡಿಯ ಹತ್ತಿರ ಕೂತಳು. ಸ್ವಲ್ಪ ಹೊತ್ತಿಗೆ ಅವನ ನಡುಕ ಕಡಿಮೆಯಾಯಿತು. ಸುಟ್ಟ ಕೈ ಕೌದಿಯಿಂದ ಹೊರಗೆ ಬಂದು, ಹೊರಸಿನ ಅಂಚಿನಿಂದ ಕೆಳಗೆ ಇಳಿದು, ಕೆಂಡದ ಕಾವಿಗೆ ತೆರೆದುಕೊಂಡಿತು. ಅವಳು ಅದನ್ನು ನೋಡುತ್ತಿದ್ದಳು.

"ಬೆಚ್ಚಗಾತೇನಪಾ?"

ಅವನು ಹೂಂ ಎಂದ. ಅವನ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು.

"ನಿನಗರ ಆತಲ್ಲ," ಎಂದಳು ನಂದಾತ್ತಿ, ಮತ್ತು ಸೆರಗಿನಿಂದ ಅವನ ಕಿವಿ ಒರೆಸಿದಳು.

ನಾನು ಚರಿಗೆಯ ನೀರನ್ನು ಒಯ್ದು ಎತ್ತುಗಳ ಡೋಣಿಗೆ ಸುರಿದು ಬಂದೆ.